ಚೈತ್ರದ ಹಿಮದಲ್ಲಿ ತುಂಗನಾಥಾರೋಹಣ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಚೈತ್ರಮಾಸವೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಕಟ್ಟಿಗೆ ಕಿತ್ತ ಎರೆಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿರುತ್ತವೆ; ಹೊತ್ತೇರಿತೆಂದರೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕುಳಿತುಕೊಳ್ಳುವುದಲ್ಲದೆ ಗತ್ಯಂತರವಿಲ್ಲ. ಬಿಸಿಲು 40 ಡಿಗ್ರಿಯನ್ನು ದಾಟುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಇಂತಹ ಮಟಮಾರಿಯಿಂದ ಒಂಬತ್ತು ಜನ ಸಂಸಾರಿಗರು, ಅವರೊಳಗೆ ಮೂವರು ಹೆಣ್ಣುಮಕ್ಕಳು, ಯುಗಾದಿಯ ಬೇವು ಬೆಲ್ಲವನ್ನು ಮೆದ್ದು ಎರಡು ವಾರವಾಗುವಷ್ಟರಲ್ಲಿಯೇ ಹಿಮವನ್ನು ತುಳಿಯಲು ಹೊರಟರೆಂದರೆ ನೆರೆಹೊರೆಯವರು ನಕ್ಕದ್ದರಲ್ಲಿ ಆಶ್ಚರ್ಯವೇನೂ ಇಲ್ಲ. "ಹಿಮ ಬೇಕಾದರೆ ರಾಯಚೂರಿನ ಐಸ್ ಫ್ಯಾಕ್ಟರಿಗೆ ಹೋಗಿ ಬರ್ರಿ" ಎಂದು ಕಟ್ಟೆಯ ಮೇಲಿನವರು ಉಪದೇಶ ಮಾಡಿದರು.

ಈ ಪ್ರಯಾಣದ ಮೂಲ ನಮ್ಮ ಕಾಕಾ ಅವರ ಒಂದು ಹರಕೆ. ಗಢವಾಲದ ಪಂಚಕೇದಾರಗಳಲ್ಲಿ ತುಂಗನಾಥವು ಒಂದು. ಕೇದಾರನಾಥ, ಮಧ್ಯಮಹೇಶ್ವರ, ರುದ್ರನಾಥ, ಕಲ್ಪೇಶ್ವರಗಳು ಉಳಿದ ನಾಲ್ಕು. ಪಾಂಡವರಿಗೆ ಮುಖಗೊಡಲೊಲ್ಲದೆ ವೃಷಭರೂಪದಿಂದ ನೆಲದೊಳಗೆ ಅಡಗಿದ ಶಿವನ ಬಾಹುಗಳು ತುಂಗನಾಥದಲ್ಲಿ ತೋರಿದುವೆಂದು ಪ್ರತೀತಿ. ಸಮುದ್ರಮಟ್ಟದಿಂದ ಸುಮಾರು 3,680 ಮೀಟರ್ ಎತ್ತರದಲ್ಲಿರುವ ಈ ಗುಡಿಯು ಜಗತ್ತಿನ ಅತ್ಯುನ್ನತ ಶಿವಾಲಯಗಳಲ್ಲಿ ಒಂದೆಂದು ಹೆಸರಾಗಿದೆ. ನಮ್ಮ ಹೊಲಗಳಿಗೆ ನೀರುಣಿಸುವ ತುಂಗಭದ್ರೆಯ ನೀರನ್ನು ಒಂದು ತಂಬಿಗೆಯಷ್ಟು ಒಯ್ದು ತುಂಗನಾಥನ ಹೊಸ್ತಿಲಿಗೆ ಎರೆಯಬೇಕೆಂದು ಕಾಕಾ ಅವರು ಬಹುದಿನಗಳಿಂದ ಹೇಳುತ್ತಿದ್ದರು. ಅವರಿಗೆ ಆಗ ಅರವತ್ತನಾಲ್ಕು ವರ್ಷ. ಗುಡಿಯ ಬಾಗಿಲು ತೆರೆಯುವ ವೈಶಾಖದಲ್ಲಿಯೇ ಹೋಗಬಹುದಾಗಿತ್ತು. ಆದರೆ ಮುಂದೆ ಮುಂಗಾರಿನ ಬಿತ್ತನೆಗೆ ಹೊಲ ಸಿದ್ಧಮಾಡುವ ಗಡಿಬಿಡಿ, ಜನರ ನೂಕುನುಗ್ಗಲು. "ಬಾಗಿಲು ಮುಚ್ಚಿದ್ದರೂ ಹೊಸ್ತಿಲು ಇರುತ್ತದಲ್ಲ" ಎಂಬುದು ಕಾಕಾ ಅವರ ವಾದ. ಅದಕ್ಕೆ ಉತ್ತರವಿರಲಿಲ್ಲ.

ಮನೆಯ ಹಿರಿಯ ಹೆಂಗಸರು ಮಾತ್ರ ಸುಲಭವಾಗಿ ಒಪ್ಪಲಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋದ ಕರ್ನಾಟಕದ ತಂಡವೊಂದು ಹಿಮಗಾಳಿಯಲ್ಲಿ ಸಿಕ್ಕಿ, ಅದರಲ್ಲಿ ಒಂಬತ್ತು ಜನರು ಅಸುನೀಗಿದ ಸುದ್ದಿಯು ಅವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ನಾವೂ ಒಂಬತ್ತು ಜನ! ಈ ಅಂಕೆಯನ್ನು ಎಣಿಸಿ ಹೇಳಿದವರು ನಮ್ಮ ಅಜ್ಜಿ. ಅವರ ಭಯವು ಹುಸಿಯೆಂದು ತಳ್ಳಿಹಾಕುವಂತಿರಲಿಲ್ಲ. ಆದುದರಿಂದ ಹೊರಡುವ ಮೊದಲೇ ಮನೆಯ ಪಡಸಾಲೆಯಲ್ಲಿ ಕುಳಿತು ಎಲ್ಲರೂ ಒಂದು ಕರಾರು ಮಾಡಿಕೊಂಡೆವು: ಹೋಗುವುದಾದರೆ ಒಟ್ಟಿಗೆ, ತಿರುಗುವುದಾದರೆ ಒಟ್ಟಿಗೆ, ಎಲ್ಲರಿಗಿಂತ ಹಿಂದೆ ನಡೆಯುವವರ ನಡಿಗೆಯೇ ಎಲ್ಲರ ನಡಿಗೆ, ದಾರಿ ಬಲ್ಲವನು ಬೇಡವೆಂದಲ್ಲಿ ಬೇಡ. ಅಜ್ಜಿಯು ಇದನ್ನು ಮೂರು ಸಲ ಹೇಳಿಸಿಕೊಂಡು ತಲೆದೂಗಿದರು.

ತಯಾರಿಗೆ ನಮಗಿದ್ದ ಪರ್ವತವೆಂದರೆ ರಾಯಚೂರಿನ ಕೋಟೆಯ ಗುಡ್ಡ. ಮಾಘ ಫಾಲ್ಗುಣಗಳ ಆದಿತ್ಯವಾರಗಳಂದು ಸೂರ್ಯೋದಯಕ್ಕೆ ಮೊದಲೇ ಅಲ್ಲಿ ಕೂಡಿ, ಬೆನ್ನಿಗೆ ಜೋಳದ ಚೀಲ ಕಟ್ಟಿಕೊಂಡು ಹತ್ತಿ ಇಳಿಯುತ್ತಿದ್ದೆವು. ಆ ಕೋಟೆಯ ಗೋಡೆಯಲ್ಲಿ 1294ನೆಯ ಇಸವಿಯ ಶಾಸನವುಳ್ಳ ಒಂದು ಮಹಾಶಿಲೆಯುಂಟು. ನಾಲ್ವತ್ತೊಂದು ಅಡಿಗಳಷ್ಟು ಉದ್ದದ್ದು. ಅದನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆಸಿ ತಂದ ಬಗೆಯನ್ನು ಕಲ್ಲಿನ ಮೇಲೆಯೇ ಚಿತ್ರಿಸಿದ್ದಾರೆ. ಏದುಸಿರು ಬಿಡುತ್ತ ಅದರ ಮುಂದೆ ನಿಂತಾಗಲೆಲ್ಲ ನಮ್ಮ ಚಿಗವ್ವನವರು "ಅವು ಎಷ್ಟು ಎಳೆದಿದ್ದಾವು ನೋಡ್ರಿ, ನೀವು ನಿಮ್ಮನ್ನ ಎಳಕೊಂಡು ಹೋಗಲಾರಿರಾ?" ಎಂದು ಕೇಳುತ್ತಿದ್ದರು.

ರೈಲುಪ್ರಯಾಣದ ವಿಷಯವನ್ನು ವಿಸ್ತರಿಸುವುದಿಲ್ಲ. ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದಂದಿನಿಂದ ನಮ್ಮವರಿಗೆ ದೂರದೇಶಗಳು ಹತ್ತಿರವಾಗಿವೆ. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೂ, ಅಲ್ಲಿಂದ ಹೃಷೀಕೇಶಕ್ಕೂ ಹೋದೆವು. ಮುಂದೆ ಮೋಟಾರಿನಲ್ಲಿ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗಗಳನ್ನು ದಾಟಿ ಮಂದಾಕಿನಿಯ ದಂಡೆಗುಂಟ ಉಖೀಮಠ, ಅಲ್ಲಿಂದ ಕಾಡಿನೊಳಗೆ ಏರುತ್ತೇರುತ್ತ ಚೋಪ್ತಾ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳ ಗಂಟು ಚೋಪ್ತಾದವರೆಗೂ ನಮ್ಮನ್ನು ಕಾಪಾಡಿತೆಂಬುದನ್ನಷ್ಟೇ ಹೇಳಿ ಮುಂದುವರಿಯುತ್ತೇವೆ.

ಚೋಪ್ತಾ ಸುಮಾರು 2,700 ಮೀಟರ್ ಎತ್ತರದ ಹುಲ್ಲುಗಾವಲು. ನಾವು ಹೋದಾಗ ಕಾಡೆಲ್ಲ ಕೆಂಪಾಗಿತ್ತು. ಬುರಾಂಶವೆಂಬ ಮರದ ಹೂವು ಅದು, ಉತ್ತರಾಖಂಡದ ರಾಜ್ಯವೃಕ್ಷ. ನಮ್ಮ ಮುತ್ತುಗವನ್ನು ನೆನಪಿಗೆ ತರುವ ಬಣ್ಣ, ಆದರೆ ಎಲೆಯುದುರದ ಮರ. ಆ ಕೆಂಪಿನ ಬುಡದಲ್ಲಿ ಅಲ್ಲಲ್ಲಿ ಬಿಳಿಯ ಹಿಮದ ತೇಪೆಗಳು. ಜೀವಮಾನದಲ್ಲಿ ಹಿಮವನ್ನು ಕಾಣದ ನಮ್ಮ ಹೆಣ್ಣುಮಕ್ಕಳು ಮೊದಲು ಅದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿದರು. ವಾಸನೆಯಿಲ್ಲವೆಂದು ತಿಳಿದಮೇಲೆ ಒಬ್ಬರ ಮೇಲೊಬ್ಬರು ಎರಚಿಕೊಂಡರು.

ಅಲ್ಲಿ ಎರಡು ದಿನ ನಿಂತೆವು. ಎತ್ತರಕ್ಕೆ ದೇಹ ಹೊಂದಿಕೊಳ್ಳಬೇಕಷ್ಟೆ. ತುಂಗನಾಥದಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಮೂರನೆಯ ಎರಡು ಪಾಲು ಮಾತ್ರ. ಒಂದೊಂದು ಉಸಿರಿಗೂ ಅಷ್ಟೇ ಕಡಮೆ ಪ್ರಾಣವಾಯು ದೊರೆಯುವುದು. ಗೃಹಿಣಿಯರಿಗೆ ಇದು ಮೊದಲು ಗೊತ್ತಾದದ್ದು ಅಡಿಗೆಯ ಒಲೆಯ ಹತ್ತಿರ. ಒತ್ತಡ ಕಡಮೆಯಾದಂತೆ ನೀರು ಕುದಿಯುವ ಶಾಖವೂ ಕಡಮೆಯಾಗುತ್ತದೆ. ಚೋಪ್ತಾದಲ್ಲಿ 91 ಡಿಗ್ರಿಯ ಸುಮಾರಿಗೇ ನೀರು ಕುದಿಯುವುದು. ನಮ್ಮ ತೊಗರಿಬೇಳೆಯು ತೆರೆದ ಪಾತ್ರೆಯಲ್ಲಿ ಒಂದು ಗಂಟೆ ಕುದಿದರೂ ಬೇಯಲಿಲ್ಲ. ಚಿಗವ್ವನವರು ಬೇಳೆಯನ್ನು ಮಾರಿದ ಅಂಗಡಿಯವನಿಗೆ ಶಾಪ ಹಾಕಿದರು. ಆತನ ಅಪರಾಧವೇನೂ ಇರಲಿಲ್ಲ. ಕುಕ್ಕರಿನಲ್ಲಿ ಇಟ್ಟಮೇಲೆ ಅದೇ ಬೇಳೆ ಬೆಣ್ಣೆಯಾಯಿತು.

ದಾರಿ ತೋರುವವನು ಅಲ್ಲಿಯವನೇ. ಮೂವತ್ತರ ಪ್ರಾಯದ, ಮಿತಭಾಷಿಯಾದ ತರುಣ. ಅವನ ಜೊತೆಗೆ ಒಬ್ಬ ಸಹಾಯಕ. ನಮ್ಮ ರಾಯಚೂರಿನ ದಖ್ಖನಿ ಮಾತು ಕೇಳಿ ಇಬ್ಬರೂ ಮುಸಿಮುಸಿ ನಗುತ್ತಿದ್ದರೂ ಅರ್ಥಕ್ಕೇನೂ ಕೊರತೆಯಾಗಲಿಲ್ಲ. ಮೊದಲನೆಯ ದಿನವೇ ಅವನು ನಮ್ಮನ್ನು ಹಿಮದ ಒಂದು ಇಳಿಜಾರಿಗೆ ಕರೆದೊಯ್ದು, ಬೂಟಿನ ತುದಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳುವುದನ್ನೂ, ಇಳಿಯುವಾಗ ಹಿಮ್ಮಡಿಯನ್ನು ನಾಟಿ ನಡೆಯುವುದನ್ನೂ, ಜಾರಿದರೆ ಬೋರಲಾಗಿ ಮೊಣಕೈ ಮೊಣಕಾಲುಗಳನ್ನು ಒತ್ತಿ ನಿಲ್ಲುವುದನ್ನೂ ಕಲಿಸಿದನು. ಬೂಟುಗಳಿಗೆ ಸಿಕ್ಕಿಸುವ ಮುಳ್ಳಿನ ಸರಪಳಿಗಳನ್ನು ಹಂಚಿದನು. ಕಪ್ಪು ಕನ್ನಡಕವಿಲ್ಲದೆ ಯಾರೂ ಹೊರಡಕೂಡದೆಂದನು. ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಕ್ಕೆ ಎಸೆಯುವುದರಿಂದ, ಬರಿಗಣ್ಣಿನಲ್ಲಿ ಕೆಲವು ಗಂಟೆ ನಡೆದವರಿಗೆ ಆ ರಾತ್ರಿಯೇ ಕಣ್ಣಿನಲ್ಲಿ ಮರಳು ತುಂಬಿದಂತಾಗಿ ಉರಿಯುತ್ತದೆ. ನಮ್ಮ ಚಿಗವ್ವನವರು ಕನ್ನಡಕದ ಮೇಲೆ ಸೆರಗು ಹೊದ್ದರು. ಬಿಸಿಲು ಕೆಳಗಿನಿಂದಲೂ ಬರುತ್ತದೆಂದು ತಿಳಿದ ಮೇಲೆ ಗಲ್ಲದ ಕೆಳಗೂ ಮುಲಾಮು ಹಚ್ಚಿಕೊಂಡರು. ಅದನ್ನು ಹಚ್ಚಲೊಲ್ಲದ ಗಂಡಸರ ಮೂಗಿನ ಹೊಳ್ಳೆಗಳ ಚರ್ಮವು ಮರುದಿನ ಸುಲಿದು ಬಂದಿತು.

ಇಷ್ಟೆಲ್ಲ ಹೇಳಿದರೂ ಅವನು ಪದೇಪದೇ ಒತ್ತಿ ಹೇಳಿದ್ದು ಒಂದೇ ಮಾತನ್ನು: ಬೆಳಗಿನ ಹಿಮ ಬೇರೆ, ಮಧ್ಯಾಹ್ನದ ಹಿಮ ಬೇರೆ. ವಸಂತದಲ್ಲಿ ಹಗಲು ಕರಗಿದ ಹಿಮವು ನಿರಭ್ರವಾದ ರಾತ್ರಿಯಲ್ಲಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವದಲ್ಲಿ ಅದರ ಮೇಲೆ ಗಾರೆಯ ನೆಲದ ಮೇಲೆ ನಡೆದಂತೆ ನಡೆಯಬಹುದು. ಬಿಸಿಲೇರಿದಂತೆ ಮೇಲಿನ ಪದರ ಮೆತ್ತಗಾಗಿ, ಮೊದಲು ಪಾದ, ಆಮೇಲೆ ಮೊಣಕಾಲು, ಕಡೆಗೆ ತೊಡೆಯವರೆಗೂ ಕಾಲು ಹುಗಿಯುತ್ತದೆ. ಕರಗಿದ ನೀರು ಒಳಗಿಳಿದು ಹರಳುಗಳ ಹಿಡಿತವನ್ನು ಸಡಿಲಿಸಿದಾಗ ಕಡಿದಾದ ಇಳಿಜಾರಿನಿಂದ ಹಿಮವು ತಾನಾಗಿಯೇ ಜಾರತೊಡಗುತ್ತದೆ.

ನಮ್ಮಲ್ಲಿ ಇದನ್ನು ಮೊದಲು ಗ್ರಹಿಸಿದವರು ಒಕ್ಕಲುತನದಲ್ಲಿಯೇ ಕೂದಲು ನೆರೆತ ನಮ್ಮ ದೊಡ್ಡಣ್ಣನವರು. "ಇದಕ್ಕೂ ಎರೆಹೊಲದ್ಹಾಂಗ ಹದ ಐತಿ ಅನ್ರಿ" ಎಂದರು. ಎಷ್ಟು ನಿಜ! ಮಳೆಯಾದ ಮರುದಿನ ಎರೆಹೊಲಕ್ಕೆ ಕಾಲಿಟ್ಟರೆ ಕಾಲಿಗೆ ಎರಡೆರಡು ಸೇರು ಮಣ್ಣು ಅಂಟುತ್ತದೆ; ಒಣಗಿಹೋದಮೇಲೆ ಕೂರಿಗೆ ಇಳಿಯುವುದಿಲ್ಲ; ನಡುವೆ ಒಂದೆರಡು ದಿನ ಹದವಿರುತ್ತದೆ. ಆ ಹದವನ್ನು ತಪ್ಪಿಸಿಕೊಂಡವನನ್ನು ಊರು ಆಡಿಕೊಳ್ಳುತ್ತದೆ. ಹೊಲದ ಹದ ದಿನಗಳ ಲೆಕ್ಕದ್ದು, ಹಿಮದ ಹದ ಗಂಟೆಗಳ ಲೆಕ್ಕದ್ದು. ಅಂದಿನಿಂದ ನಮ್ಮ ತಂಡದಲ್ಲಿ ಹಿಮಕ್ಕೆ "ಹದ ಇದೆಯೆ, ಹೋಯಿತೆ" ಎಂದೇ ಮಾತು.

ಮೂರನೆಯ ದಿನ ಬೆಳಗಿನ ಮೂರು ಗಂಟೆಗೆ ಹೊರಡಲೆಂದು ಎದ್ದೆವು. ಆ ರಾತ್ರಿ ಮಾತ್ರ ಆಕಾಶವು ನಮಗೆ ಅನುಕೂಲವಾಗಿರಲಿಲ್ಲ. ಸಂಜೆಯಿಂದ ನಡುರಾತ್ರಿಯ ತನಕ ಮೋಡ ಕವಿದಿತ್ತು. ಮೋಡವೆಂದರೆ ಭೂಮಿಗೆ ಹೊದಿಸಿದ ಕಂಬಳಿ. ಅದರ ಕೆಳಗೆ ಹಿಮ ಗಟ್ಟಿಯಾಗುವುದಿಲ್ಲ. ಎರಡು ಗಂಟೆಗೆ ಬಾನು ಬಿಚ್ಚಿ ಚಂದ್ರ ಕಂಡನು. ಆಗ ಗಟ್ಟಿಯಾದದ್ದು ಹಪ್ಪಳದಂತಹ ತೆಳುಪದರ ಅಷ್ಟೆ. ಮಾರ್ಗದರ್ಶಿಯು ಕೋಲಿನಿಂದ ನಾಲ್ಕಾರು ಕಡೆ ಚುಚ್ಚಿ ನೋಡಿ, ಹುಬ್ಬುಗಂಟಿಕ್ಕಿ, ಹೋಗೋಣವೆಂದನು; ಆದರೆ ಎಲ್ಲಿಯೇ ಇರಲಿ, ಒಂಬತ್ತು ಗಂಟೆಗೆ ಹಿಂದಿರುಗತಕ್ಕದ್ದು ಎಂದು ಷರತ್ತು ಹಾಕಿದನು.

ಚೋಪ್ತಾದಿಂದ ಗುಡಿಗೆ ಮೂರೂವರೆ ಕಿಲೋಮೀಟರ್ ಕಲ್ಲುಹಾಸಿನ ದಾರಿ. ಬೇಸಗೆಯಲ್ಲಾದರೆ ಮುದುಕರೂ ಮಕ್ಕಳೂ ಹತ್ತುತ್ತಾರೆ. ಹಿಮದ ಕೆಳಗೆ ಆ ದಾರಿ ಮೇಲಿನ ಅರ್ಧದಲ್ಲಿ ಕಣ್ಣಿಗೇ ಬೀಳದು. ಕೆಳಗಿನ ತಿರುವುಗಳನ್ನು ದೀಪದ ಬೆಳಕಿನಲ್ಲಿ ದಾಟಿದೆವು. ಮರಗಳು ಮುಗಿದ ಮೇಲೆ ಬರಿಯ ಬಿಳುಪು. ಆರರ ಸುಮಾರಿಗೆ ಪೂರ್ವವು ಕೆಂಪಾಗಿ, ಎದುರಿಗೆ ಚೌಖಂಬಾ ಶಿಖರದ ನಾಲ್ಕು ತಲೆಗಳ ಮೇಲೆ ಒಂದಾದ ಮೇಲೊಂದರಂತೆ ಬೆಳಕು ಹತ್ತಿತು. 7,138 ಮೀಟರ್ ಎತ್ತರದ ಆ ಪರ್ವತದ ಮುಂದೆ ನಮ್ಮ ಏದುಸಿರು ನಮಗೇ ನಾಚಿಕೆ ತರುವಂತಿತ್ತು. ಯಾರೂ ಮಾತಾಡಲಿಲ್ಲ. ಕಾಕಾ ಅವರು ಮಾತ್ರ ಎದೆಗೆ ಕಟ್ಟಿಕೊಂಡಿದ್ದ ತಂಬಿಗೆಯನ್ನು ಮುಟ್ಟಿ ನೋಡಿಕೊಂಡರು. ನೀರು ಹೆಪ್ಪುಗಟ್ಟಬಾರದೆಂದು ಅದನ್ನು ಅಂಗಿಯ ಒಳಗೆ ಇಟ್ಟುಕೊಂಡಿದ್ದರು.

ಹಪ್ಪಳದ ಪದರವು ಹಗುರಾದವರನ್ನು ಹೊತ್ತಿತು, ಭಾರದವರನ್ನು ಹೊರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಯಾರಾದರೊಬ್ಬರ ಕಾಲು ಮೊಣಕಾಲಿನವರೆಗೆ ಇಳಿಯುತ್ತಿತ್ತು. ಬಿದ್ದವರನ್ನು ಎತ್ತುವುದರಲ್ಲಿ ಎತ್ತಿದವರೂ ಬೀಳುತ್ತಿದ್ದರು. ಕಾಕಾ ಅವರು ಇಪ್ಪತ್ತು ಹೆಜ್ಜೆ ನಡೆದು ನಿಲ್ಲುವರು, ಮತ್ತೆ ಇಪ್ಪತ್ತು. ಕರಾರಿನಂತೆ ನಾವೆಲ್ಲರೂ ಇಪ್ಪತ್ತು ಹೆಜ್ಜೆಗೆ ನಿಂತೆವು. ನಮ್ಮ ದೊಡ್ಡಣ್ಣನವರ ಮಗ, ಇಪ್ಪತ್ಮೂರರ ಹುಡುಗ, ಇದರಿಂದ ಚಡಪಡಿಸಿದನು. ಗುಡಿಯಿಂದ ಮೇಲೆ ಒಂದೂವರೆ ಕಿಲೋಮೀಟರ್ ದೂರದ ಚಂದ್ರಶಿಲೆಯ ತುದಿಯನ್ನು ಮುಟ್ಟಬೇಕೆಂಬುದು ಅವನ ಆಸೆ. ರಾವಣವಧೆಯ ಬಳಿಕ ಶ್ರೀರಾಮನು ಅಲ್ಲಿ ತಪಸ್ಸು ಮಾಡಿದನೆಂದು ಹೇಳುತ್ತಾರೆ. ಅಲ್ಲಿ ನಿಂತರೆ ನಂದಾದೇವಿಯೂ ತ್ರಿಶೂಲವೂ ಕಾಣುತ್ತವೆ. ಅವನು ಹಲವಾರು ಸಲ ಗಡಿಯಾರ ನೋಡಿದನು. ಒಂದೆರಡು ಸಲ ಮುಂದೆ ಹೋಗಿ, ಕರೆಯಿಸಿಕೊಂಡು ಹಿಂದಕ್ಕೆ ಬಂದನು. ತರುಣರ ಕಾಲಿಗೆ ಮುದುಕರ ನಡಿಗೆಯನ್ನು ಕಟ್ಟುವುದು ಕಠಿಣವೇ ಸರಿ.

ಗುಡಿಗೆ ಸ್ವಲ್ಪ ಕೆಳಗೆ ದಾರಿಗಡ್ಡವಾಗಿ ಒಂದು ಕೊರಕಲು ಇಳಿದಿದೆ. ಅದರ ತುಂಬ ಹಿಮ. ಮೂವತ್ತು ಮಾರು ಅಗಲವಿದ್ದೀತು. ಮಾರ್ಗದರ್ಶಿಯು ಮುಂದೆ ಹೋಗಿ ಮೆಟ್ಟಿಲು ಒದ್ದು, ಒಬ್ಬರು ದಾಟಿದ ಮೇಲೆ ಇನ್ನೊಬ್ಬರೆಂದು ಆಜ್ಞೆ ಮಾಡಿದನು. ಎಲ್ಲರೂ ಒಂದೇ ಕಾಲಕ್ಕೆ ಅಲ್ಲಿರಕೂಡದು. ಏನಾದರೂ ಆದರೆ ಎತ್ತುವವರು ಬೇಕಷ್ಟೆ. ನಮ್ಮ ಹೆಣ್ಣುಮಕ್ಕಳು ಆಶ್ಚರ್ಯವಾಗುವಷ್ಟು ಸಲೀಸಾಗಿ ದಾಟಿದರು. ತಲೆಯ ಮೇಲೆ ಎರಡು ಕೊಡ ಹೊತ್ತು ಕೆರೆಯ ಏರಿ ಇಳಿದವರಿಗೆ ತೂಕ ಕಾಯ್ದುಕೊಳ್ಳುವುದನ್ನು ಯಾರು ಕಲಿಸಬೇಕು?

ತುಂಗನಾಥನ ಗುಡಿಯನ್ನು ಮುಟ್ಟಿದಾಗ ಎಂಟೂವರೆ. ಬಾಗಿಲಿಗೆ ಬೀಗ, ಅಂಗಳದಲ್ಲಿ ಸೊಂಟದೆತ್ತರದ ಹಿಮ, ಸುತ್ತಲಿನ ಅಂಗಡಿ ಛತ್ರಗಳ ಮಾಡುಗಳು ಅರ್ಧರ್ಧ ಕಾಣುತ್ತಿದ್ದುವು. ಚಳಿಗಾಲದಲ್ಲಿ ದೇವರು ಕೆಳಗಿನ ಮಕ್ಕೂಮಠದಲ್ಲಿರುತ್ತಾನೆ. ಈ ಏಣು ಒಂದು ಕಡೆಯ ನೀರನ್ನು ಮಂದಾಕಿನಿಗೂ ಇನ್ನೊಂದು ಕಡೆಯ ನೀರನ್ನು ಅಲಕನಂದೆಗೂ ಹಂಚುತ್ತದೆ. ಅವೆರಡೂ ರುದ್ರಪ್ರಯಾಗದಲ್ಲಿ ಮತ್ತೆ ಕೂಡುತ್ತವೆ. ನಮ್ಮ ನಾಡೂ ಎರಡು ಹೊಳೆಗಳ ನಡುವಿನದೇ. ಕೃಷ್ಣೆಯೂ ತುಂಗಭದ್ರೆಯೂ ನಮ್ಮನ್ನು ಬಳಸಿ ಹೋಗಿ ಅಲಂಪುರದ ಸಮೀಪದಲ್ಲಿ ಕೂಡುತ್ತವೆ. ಕಾಕಾ ಅವರು ಕೈಯಿಂದಲೇ ಹೊಸ್ತಿಲ ಹಿಮವನ್ನು ಸರಿಸಿ, ಕಲ್ಲು ಕಂಡಮೇಲೆ ತಂಬಿಗೆಯ ನೀರನ್ನು ಎರೆದರು. ಕೈಗಳು ನಡುಗುತ್ತಿದ್ದುವು. ಎರೆದ ನೀರು ಹಿಮದಲ್ಲಿ ಒಂದು ಸಣ್ಣ ಕಾಲುವೆ ಕೊರೆದು ಅಡಗಿತು. ಚಿಗವ್ವನವರು ಊರಿನಿಂದ ತಂದ ವಿಭೂತಿಯನ್ನು ಎಲ್ಲರ ಹಣೆಗೂ ಹಚ್ಚಿದರು, ಮಾರ್ಗದರ್ಶಿಯ ಹಣೆಗೂ.

ಆಮೇಲೆ ಬಂದದ್ದು ಚಂದ್ರಶಿಲೆಯ ಪ್ರಶ್ನೆ. ಅರ್ಧ ಗಂಟೆ ಉಳಿದಿತ್ತು. ಬೇಕಾಗಿದ್ದುದು ಒಂದು ಗಂಟೆಗೂ ಮೇಲೆ. ತನ್ನಿಂದಾಗಿ ಹುಡುಗರಿಗೆ ತುದಿ ತಪ್ಪಿತೆಂಬ ಸಂಕಟ ಕಾಕಾ ಅವರನ್ನು ಹಿಡಿದುಕೊಂಡಿತು. "ತಮ್ಮಾ, ನೀವು ಹೋಗಿ ಬರ್ರಿ. ನಾ ಇಲ್ಲೇ ಗುಡಿ ಮುಂದ ಕುಂತಿರ್ತೀನಿ. ನನಗೇನೂ ಆಗೂದಿಲ್ಲ" ಎಂದು ಹಟಹಿಡಿದರು. ಸಹಾಯಕನೊಬ್ಬ ಅವರೊಡನೆ ಇರಬಹುದೆಂದು ಒಬ್ಬರು, ನಾಲ್ವರು ಮಾತ್ರ ಬೇಗನೆ ಹೋಗಿ ಬರಬಹುದೆಂದು ಇನ್ನೊಬ್ಬರು. ಬಿಸಿಲು ಆಗಲೇ ಬೆನ್ನನ್ನು ಕಾಯಿಸುತ್ತಿತ್ತು. ಗುಡಿಯ ಸೂರಿನಿಂದ ಹನಿಗಳು ತೊಟ್ಟಿಕ್ಕುತ್ತಿದ್ದುವು. ಮಾರ್ಗದರ್ಶಿಯು ಏನೂ ಹೇಳದೆ ಕೆಳಗಿನ ಕೊರಕಲನ್ನು ನೋಡುತ್ತ ನಿಂತಿದ್ದನು.

ಹಾಗೆ ನೋಡಿದರೆ ಆ ಘಳಿಗೆಯಲ್ಲಿ ಎಲ್ಲರ ಕಣ್ಣೂ ದೊಡ್ಡಣ್ಣನವರ ಮಗನ ಮೇಲೆಯೇ ಇದ್ದುವು. ಅವನು ಹೋಗುತ್ತೇನೆಂದರೆ ಮೂವರು ಅವನ ಹಿಂದೆ ಹೊರಡುವರೆಂಬುದು ಸ್ಪಷ್ಟ. ಅವನು ಚಂದ್ರಶಿಲೆಯ ಕಡೆಗೆ ಒಮ್ಮೆ ನೋಡಿದನು. ಆಮೇಲೆ ಬಾಗಿ ಕಾಕಾ ಅವರ ಬೂಟುಗಳನ್ನು ಮುಟ್ಟಿದನು, ಒದ್ದೆಯಾಗಿದ್ದುವು. "ಕಾಕಾ, ಕಾಲು ನೆಂದಾವ. ಹೀಂಗ ಕುಂತ್ರ ಬೆರಳು ಸೆಟೀತಾವ. ನಡೀರಿ, ಕೆಳಗ ಹೋಗೂಣು. ಅಜ್ಜಿ ಮುಂದ ಏನಂತ ಮಾತು ಕೊಟ್ಟೇವಿ?" ಎಂದನು. ಕಾಕಾ ಅವರು ಮತ್ತೆ ಬಾಯಿ ತೆರೆದರು. ಅವನು ಅದಕ್ಕೆ ಎಡೆಗೊಡದೆ, ತನ್ನ ಚೀಲದಿಂದ ಒಣ ಉಣ್ಣೆಯ ಕಾಲುಚೀಲಗಳನ್ನು ತೆಗೆದು, ಹಿಮದಲ್ಲಿ ಮಂಡಿಯೂರಿ, ಅವರ ಕಾಲಿಗೆ ತೊಡಿಸತೊಡಗಿದನು. ಮೂರು ತಾಸು ಗಡಿಯಾರ ನೋಡಿದ ಹುಡುಗ ಇವನೇ ಏನು ಎನ್ನಿಸಿತು. ಯಾರೂ ಚಂದ್ರಶಿಲೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಇಳಿಯತೊಡಗಿದೆವು. ಬೆಳಗ್ಗೆ ಹಪ್ಪಳವಾಗಿದ್ದುದು ಈಗ ಅಂಬಲಿ. ಕೊರಕಲಿನ ಹತ್ತಿರ ಬಂದಾಗ ಮೇಲಿನಿಂದ ನಿಂಬೆಹಣ್ಣಿನಷ್ಟು ಗಾತ್ರದ ಹಿಮದ ಉಂಡೆಗಳು ಉರುಳುರುಳಿ ಬರುತ್ತಿದ್ದುವು. ಉರುಳಿದಂತೆ ದೊಡ್ಡವಾಗಿ ಕೆಳಗೆ ಹೋಗುವಾಗ ಗಡಿಗೆಯಷ್ಟಾಗುತ್ತಿದ್ದುವು. ಇದು ಹಿಮ ಹಿಡಿತ ಬಿಡುತ್ತಿರುವುದರ ಗುರುತೆಂದು ಮಾರ್ಗದರ್ಶಿಯು ಹಿಂದಿನ ದಿನವೇ ಹೇಳಿದ್ದನು. ಅವನು ಸಹಾಯಕನನ್ನು ಮೇಲ್ಗಡೆ ನೋಡುತ್ತಿರಲು ನಿಲ್ಲಿಸಿ, ನಮ್ಮನ್ನು ಒಬ್ಬೊಬ್ಬರಾಗಿ, ನಿಲ್ಲದೆ, ಮಾತಾಡದೆ ದಾಟಿಸಿದನು. ಕಾಕಾ ಅವರು ನಡುವೆ ತೊಡೆಯವರೆಗೆ ಹೂತುಕೊಂಡರು. ಅವರ ಹಿಂದೆಯೇ ಕಾಯುತ್ತಿದ್ದ ಹುಡುಗ, ಅಪ್ಪಣೆಗೆ ಕಾಯದೆ ಹೋಗಿ, ಕೈಗಳಿಂದ ಹಿಮ ತೋಡಿ ಕಾಲನ್ನು ಬಿಡಿಸಿದನು. ಅರ್ಧ ನಿಮಿಷವಾಗಿದ್ದೀತು, ಈಚೆ ನಿಂತವರಿಗೆ ಅದು ಎಷ್ಟು ಹೊತ್ತೆನಿಸಿತೆಂಬುದನ್ನು ಬರೆಯಲು ಬಾರದು. ಚಿಗವ್ವನವರ ತುಟಿಗಳು ಮಾತ್ರ ಅಲುಗುತ್ತಿದ್ದುವು.

ಎಲ್ಲರೂ ದಾಟಿ ಕಾಲುಗಂಟೆ ನಡೆದಿರಬೇಕು, ಹಿಂದಿನಿಂದ ಜೋಳದ ಚೀಲ ಸುರಿದಂತಹ ಸಪ್ಪಳವಾಯಿತು. ತಿರುಗಿ ನೋಡಿದರೆ ಕೊರಕಲಿನ ಮೇಲಿನಿಂದ ನಾಲ್ಕಾರು ಬಂಡಿಗಳಷ್ಟು ಹಿಮ ನಿಧಾನವಾಗಿ ಜಾರಿ ಬಂದು, ನಮ್ಮ ಹೆಜ್ಜೆಯ ಗುರುತುಗಳನ್ನು ಮುಚ್ಚಿ ಕೆಳಗೆ ಹೋಯಿತು. ದೊಡ್ಡದೇನೂ ಅಲ್ಲ, ಪತ್ರಿಕೆಯಲ್ಲಿ ಬರುವಂತಹದಲ್ಲ. ಮನುಷ್ಯನೊಬ್ಬನನ್ನು ಕೆಡವಿ ಒಯ್ಯಲು ಅಷ್ಟು ಸಾಕು. ಕಾಕಾ ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಹುಡುಗನ ಹೆಗಲ ಮೇಲೆ ಕೈಯಿಟ್ಟು ಮುಂದೆ ನಡೆದರು.

ಚೋಪ್ತಾಕ್ಕೆ ಬಂದಾಗ ಹನ್ನೊಂದೂವರೆ. ಬೂಟುಗಳನ್ನು ಕಳಚಿ ನೀರು ಬಗ್ಗಿಸಿ, ಬುರಾಂಶದ ಹೂವಿನ ಕೆಂಪು ಷರಬತ್ತನ್ನು ಕುಡಿದು ಮಲಗಿದವರು ಸಂಜೆಗೇ ಎದ್ದದ್ದು.

ಮರುದಿನ ಉಖೀಮಠಕ್ಕಿಳಿದೆವು. ಕನ್ನಡಿಗರಿಗೆ ಇದು ಪರಸ್ಥಳವಲ್ಲ. ವೀರಶೈವರ ಪಂಚಪೀಠಗಳಲ್ಲಿ ಕೇದಾರಪೀಠವು ಇಲ್ಲಿಯದು. ಕೇದಾರನಾಥದ ಪೂಜೆಯನ್ನು ತಲೆತಲಾಂತರದಿಂದ ಕರ್ನಾಟಕದ ಕಡೆಯಿಂದ ಬಂದ ವೀರಶೈವ ಜಂಗಮರು ನಡೆಸುತ್ತ ಬಂದಿದ್ದಾರೆ. ಹಿಮದ ತಿಂಗಳುಗಳಲ್ಲಿ ಕೇದಾರನಾಥನ ಉತ್ಸವಮೂರ್ತಿಯು ಇಲ್ಲಿಯ ಓಂಕಾರೇಶ್ವರ ಗುಡಿಯಲ್ಲಿರುವುದರಿಂದ, ಬೀಗ ಹಾಕಿದ ಬಾಗಿಲನ್ನು ಕಂಡು ಬಂದ ನಮಗೆ ಅಲ್ಲಿ ತೆರೆದ ಬಾಗಿಲಿನ ದರ್ಶನವಾಯಿತು. ನಾವು ನಮ್ಮನಮ್ಮೊಳಗೆ ಮಾತಾಡುವುದನ್ನು ಕೇಳಿ, ಪೂಜೆ ಮಾಡುತ್ತಿದ್ದ ಸ್ವಾಮಿಗಳು ತಿರುಗಿ, "ಯಾವ ಊರಿನವರು ನೀವು?" ಎಂದು ಕನ್ನಡದಲ್ಲಿ ವಿಚಾರಿಸಿದರು. ಸಾವಿರಾರು ಮೈಲಿ ಬಂದು ಆ ಮೂರು ಶಬ್ದಗಳನ್ನು ಕೇಳಿದಾಗ ಚಿಗವ್ವನವರ ಕಣ್ಣಲ್ಲಿ ನೀರು ಬಂದಿತು. ಮಟಮಾರಿಯೆಂದು ಹೇಳಿದೆವು. ತುಂಗನಾಥಕ್ಕೆ ಹೋಗಿ ಬಂದುದನ್ನೂ ಹೇಳಿದೆವು. ಅವರು ಕಾಕಾ ಅವರ ಸುಲಿದ ಮೂಗನ್ನು ನೋಡಿ ನಕ್ಕು, "ತುಂಗಭದ್ರಿಯೊಳಗ ಈ ಸಲ ನೀರು ಎಷ್ಟು ಅದಾವ?" ಎಂದು ಕೇಳಿದರು.

ಕಾಲುವೆಗೆ ನೀರು ನಿಂತಿದೆಯೆಂದು ಕಾಕಾ ಅವರು ಹೇಳಿ, ಬರಿದಾದ ತಂಬಿಗೆಯನ್ನು ಮುಂದೆ ಚಾಚಿದರು. ಸ್ವಾಮಿಗಳು ಅದರ ತುಂಬ ಅಭಿಷೇಕದ ನೀರನ್ನು ತುಂಬಿಕೊಟ್ಟರು. ಅದನ್ನು ದಿಲ್ಲಿಯವರೆಗೆ ಕಾಕಾ ಅವರೂ, ದಿಲ್ಲಿಯಿಂದ ರಾಯಚೂರಿನವರೆಗೆ ಆ ಹುಡುಗನೂ ತೊಡೆಯ ಮೇಲಿಟ್ಟುಕೊಂಡು ತಂದರು.